ಬೆನ್ನಿನಲ್ಲಿ ಬಾಗಿಲಿರುವ ಟ್ರಂಕು

ನಮ್ಮ ನಾಟಕದ ಎರಡನೇ ಅಂಕದಲ್ಲಿ ನಟಿಯೊಬ್ಬಳು ಬೀಗ ಹಾಕಿದ ಟ್ರಂಕಿನೊಳಗೆ ಆರು ನಿಮಿಷ ಕೂರಬೇಕು. ಹೊರಗೆ ಇಬ್ಬರು ಮೋಸಗಾರರು. ಒಬ್ಬ ಟ್ರಂಕಿಗೆ ಒರಗಿ ನಿಂತಿದ್ದಾನೆ, ಇನ್ನೊಬ್ಬ ಅದರ ಮೇಲೇ ಹತ್ತಿ ಕೂತಿದ್ದಾನೆ. ಅವಳ ಆಸ್ತಿಯನ್ನು ಹೇಗೆ ಹೊಡೆಯುವುದು ಅಂತ ಇಬ್ಬರೂ ಲೆಕ್ಕ ಹಾಕುತ್ತಿದ್ದಾರೆ. ಬೀಗ ಬೀಗದ ಹಾಗೇ ಇದೆ, ಮೇಲೆ ಕೂತವನು ಇಳಿದಿಲ್ಲ, ಅಷ್ಟರಲ್ಲಿ ಕ್ಯಾಬಿನ್ನಿನ ಬಾಗಿಲು ತಟ್ಟಿ ಅವಳು ಒಳಗೆ ಬರುತ್ತಾಳೆ. ಆ ಟ್ರಂಕನ್ನು ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಐದು ವಾರ ಹಿಡಿಯಿತು, ನಡುವೆ ಒಂದು ಸಲ ಅರ್ಧಕ್ಕರ್ಧ ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ಇಂಥದ್ದನ್ನೇ ಕಟ್ಟಲು ಹೊರಟವರಿಗೆ ಉಪಯೋಗವಾಗಲಿ ಅಂತ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ಕಥೆ ನಡೆಯುವುದು 1927ರಲ್ಲಿ, ನ್ಯೂಯಾರ್ಕ್‌ನಿಂದ ಫ್ರಾನ್ಸಿನ ಶೆರ್ಬೂರ್ಗ್‌ಗೆ ಹೊರಟ ಬ್ರಿಟಿಷ್ ಹಡಗಿನಲ್ಲಿ. ಬ್ರಿಟಿಷ್ ಹಡಗೇ ಯಾಕೆಂದರೆ ಮೊದಲ ಅಂಕದಲ್ಲಿ ಶಾಂಪೇನ್ ಬೇಕು. ಪಾನನಿಷೇಧದ ಆ ವರ್ಷಗಳಲ್ಲಿ ಅಮೆರಿಕದ ಬಾವುಟ ಹಾರಿಸುವ ಹಡಗಿನಲ್ಲಿ ಮದ್ಯ ಕೊಡುವಂತಿರಲಿಲ್ಲ. ಹುಡುಗಿ ಗುಂಡಿ ಕಾರ್ಖಾನೆಯ ಮಾಲೀಕನ ಒಬ್ಬಳೇ ಮಗಳು. 21 ತುಂಬಿದ ದಿನ ಆಸ್ತಿ ಕೈಗೆ ಬರುತ್ತದೆ. ಬೆನ್ನು ಹತ್ತಿದವನು ಕ್ರಾಂತಿಯಲ್ಲಿ ಸಂಸ್ಥಾನ ಕಳೆದುಕೊಂಡ ರಾಜಕುಮಾರ ಅಂತ ಹೇಳಿಕೊಳ್ಳುತ್ತಾನೆ, ಜೊತೆಗಿರುವವನು ಅವನ ಕಾರ್ಯದರ್ಶಿಯಂತೆ. ಇದು ಉತ್ಪ್ರೇಕ್ಷೆ ಅನ್ನಿಸಿದವರಿಗೆ ಆ ಕಾಲವನ್ನು ನೆನಪಿಸಬೇಕು. 1895ರಲ್ಲಿ ಕಾನ್ಸುವೆಲೊ ವಾಂಡರ್‌ಬಿಲ್ಟ್ ಮಾರ್ಲ್‌ಬರೋ ಡ್ಯೂಕನನ್ನು ಮದುವೆಯಾದಾಗ ವರನ ಕಡೆಗೆ ಹೋದದ್ದು 25 ಲಕ್ಷ ಡಾಲರಿನ ರೈಲ್ವೆ ಷೇರು. 1920ರ ದಶಕಕ್ಕೆ ಬಂದರೆ ಜಾರ್ಜಿಯಾ ದೇಶದ ಮ್ದಿವಾನಿ ಸಹೋದರರು ರಾಜಕುಮಾರ ಎಂಬ ಬಿರುದನ್ನು ತಾವೇ ಹಚ್ಚಿಕೊಂಡು ಚಿತ್ರನಟಿಯರನ್ನು ಮದುವೆಯಾದರು. ಅವರಲ್ಲೊಬ್ಬ 1933ರಲ್ಲಿ ವುಲ್‌ವರ್ತ್ ಆಸ್ತಿಯ ವಾರಸುದಾರೆ ಬಾರ್ಬರಾ ಹಟನ್‌ಳ ಕೈ ಹಿಡಿದ. ನಮ್ಮ ನಾಟಕದ ನಕಲಿ ರಾಜಕುಮಾರನಿಗೆ ಇವರಷ್ಟು ಅದೃಷ್ಟವಿಲ್ಲ. ಅವನ ಹತ್ತಿರ ಇರುವುದು ಒಂದು ಭರ್ಜರಿ ಟ್ರಂಕು, ಅದರೊಳಗೆ ಬಟ್ಟೆಯೇ ಇಲ್ಲ. ಅದಕ್ಕೇ ಅವಳು ಅದರಲ್ಲಿ ಅಡಗಿ ಕೂರಲು ಸಾಧ್ಯವಾಗುವುದು. ನನ್ನ ಕೆಲಸವೆಲ್ಲ ಈ ಖಾಲಿತನದ ಸುತ್ತಲೇ ತಿರುಗಿತು.

ಮೊದಲ ವಾರ: ಯಾವ ಟ್ರಂಕು?

ತಂಡದಲ್ಲಿ ಎಲ್ಲರೂ "ಸ್ಟೀಮರ್ ಟ್ರಂಕು" ಅನ್ನುತ್ತಿದ್ದರು. ಆ ಹೆಸರು ನನಗೆ ಹಿಡಿಸಲಿಲ್ಲ. ಸ್ಟೀಮರ್ ಟ್ರಂಕು ಅಂದರೆ ಕ್ಯಾಬಿನ್ನಿನ ಮಂಚದ ಕೆಳಗೆ ತಳ್ಳುವ ತಗ್ಗು ಪೆಟ್ಟಿಗೆ, ಎತ್ತರ 14 ಅಂಗುಲದ ಆಸುಪಾಸು. ಅದರಲ್ಲಿ ಮನುಷ್ಯರನ್ನು ಮಲಗಿಸಬಹುದು, ಕೂರಿಸಲಾಗದು. ನಮಗೆ ಬೇಕಾದದ್ದು ವಾರ್ಡ್‌ರೋಬ್ ಟ್ರಂಕು: ನೆಟ್ಟಗೆ ನಿಲ್ಲುತ್ತದೆ, ಪುಸ್ತಕ ತೆರೆದಂತೆ ಎರಡು ಅರ್ಧವಾಗಿ ತೆರೆದುಕೊಳ್ಳುತ್ತದೆ, ಒಂದು ಅರ್ಧದಲ್ಲಿ ಕೋಟು ತೂಗುಹಾಕುವ ಸರಳು, ಇನ್ನೊಂದರಲ್ಲಿ ಡ್ರಾಯರುಗಳು. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಹಾರ್ಟ್‌ಮನ್, ಆಷ್‌ಕಾಷ್ ಮುಂತಾದ ಕಂಪನಿಗಳು ಇವನ್ನು ರಾಶಿಗಟ್ಟಲೆ ಮಾಡುತ್ತಿದ್ದವು. ಒಳಗೆ ಪದರ ಪದರದ ತೆಳು ಮರ, ಹೊರಗೆ ಗಟ್ಟಿ ಫೈಬರ್ ಹಾಳೆ, ಅಂಚಿಗೆಲ್ಲ ರಿವೆಟ್ ಹೊಡೆದ ಪಟ್ಟಿ, ಮೂಲೆಗೆ ಹಿತ್ತಾಳೆ.

ನಾನು ಹಿಡಿದ ಅಳತೆ 42 ಅಂಗುಲ ಎತ್ತರ, 22 ಅಂಗುಲದ ಚೌಕ ತಳ. ಅಂದರೆ ಹೊರಗಿನಿಂದ 1070 x 560 x 560 ಮಿ.ಮೀ. ಒಂದೊಂದು ಅರ್ಧದ ಆಳ 280. 9 ಮಿ.ಮೀ. ಪ್ಲೈವುಡ್ ಹಾಕಿದರೆ ಒಳಗೆ ಉಳಿಯುವುದು 542 ಮಿ.ಮೀ. ಅಗಲ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಆ ಚೌಕ ಬರೆದು ನಟಿಯನ್ನು ಕೂರಿಸಿದೆವು. ಮೊಣಕಾಲು ಗೆರೆ ದಾಟಿ ಆಚೆ ಹೋಯಿತು. ಟ್ರಂಕು ದೊಡ್ಡದು ಮಾಡಿ ಅಂತ ಸಲಹೆ ಬಂತು, ಮಾಡಿದರೆ ಅದು ಟ್ರಂಕಿನ ಬದಲು ಬೀರುವಿನಂತೆ ಕಾಣುತ್ತಿತ್ತು. ಅವಳೇ ಕೂತಲ್ಲೇ ಸ್ವಲ್ಪ ತಿರುಗಿ, ಬೆನ್ನನ್ನು ಒಂದು ಮೂಲೆಗೆ ಕೊಟ್ಟು ಕಾಲನ್ನು ಎದುರು ಮೂಲೆಗೆ ಚಾಚಿದಳು. ಮೂಲೆಯಿಂದ ಮೂಲೆಗೆ 766 ಮಿ.ಮೀ. ಇದೆ. 22 ಸೆಂ.ಮೀ. ಜಾಗ ಪುಕ್ಕಟೆ ಸಿಕ್ಕಿತು. ಹಾಗಾಗಿ ಪ್ರೇಕ್ಷಕರ ಕಡೆಗಿರುವ ಅರ್ಧದ ಮೂಲೆಯಲ್ಲಿ, ನೆಲದಿಂದ 180 ಮಿ.ಮೀ. ಎತ್ತರಕ್ಕೆ ತ್ರಿಕೋನದ ಒಂದು ಹಲಗೆ ಕೂರಿಸಿದೆ. ತಲೆ ಚೂರು ಬಗ್ಗಿಸಿದರೆ ಸಾಕು.

ಆದರೆ ಡ್ರಾಯರುಗಳು? ಅವು ಇದ್ದರೆ ಕಾಲಿಗೆ ಜಾಗವಿಲ್ಲ. ಮಡಚುವ ಸುಳ್ಳು ಡ್ರಾಯರು ಮಾಡೋಣವೇ ಅಂತ ಎರಡು ದಿನ ಚಿತ್ರ ಬರೆದೆ, ಒಂದೂ ಸರಿಬರಲಿಲ್ಲ. ಕೊನೆಗೆ ನಿರ್ದೇಶಕರ ಹತ್ತಿರ ಹೋದೆ.

"ಮೇಷ್ಟ್ರೇ, ಈ ರಾಜಕುಮಾರ ಬಟ್ಟೆ ಮಾತ್ರ ಅಲ್ಲ, ಡ್ರಾಯರನ್ನೂ ಮಾರಿಕೊಂಡಿದಾನೆ ಅಂತ ಮಾಡಿದ್ರೆ ಹೇಗೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಡ್ರಾಯರು ಜಾರೋ ಪಟ್ಟಿಗಳನ್ನ ಬಿಡು. ಅವು ಕಾಣಬೇಕು. ಖಾಲಿ ಪಟ್ಟಿ ನೋಡಿದ್ರೇನೇ ಹೊಟ್ಟೆ ಚುರ್ ಅನ್ನತ್ತೆ" ಅಂದರು.

ಈಗ ಟ್ರಂಕು ತೆರೆದಾಗ ಒಂದು ಕಡೆ ಬರಿ ಸರಳು, ಇನ್ನೊಂದು ಕಡೆ ಐದು ಜೊತೆ ಖಾಲಿ ಪಟ್ಟಿ ಕಾಣುತ್ತವೆ. ಅವನು ಕಂಗಾಲಾದವನು ಅಂತ ಹೇಳಲು ಬೇರೆ ಮಾತು ಬೇಕಾಗಲಿಲ್ಲ, ನಾಟಕದಲ್ಲಿ ಒಂದು ಸಂಭಾಷಣೆಯೇ ಕಡಿಮೆಯಾಯಿತು.

ಎರಡನೇ ವಾರ: ಕೈಕೊಟ್ಟ ಚಿಲಕ

ಮರದ ಕೆಲಸ ಮಾಮೂಲಿ. ಪ್ಲೈವುಡ್ ಕತ್ತರಿಸಿ, ಒಳಮೂಲೆಗೆ 20 ಮಿ.ಮೀ. ಪಟ್ಟಿ ಕೊಟ್ಟು, ಅಂಟು ಮತ್ತು ತಿರುಪು ಹಾಕಿದೆ. ಹೊತ್ತು ಹೋದದ್ದು ಹೊರಬರುವ ಉಪಾಯಕ್ಕೆ.

ಮೊದಲ ಯೋಚನೆ ಹೀಗಿತ್ತು: ಎಳೆದು ಬಿಗಿಯುವ ಹಿತ್ತಾಳೆ ಚಿಲಕಗಳ ಎದುರು ಕೊಂಡಿಯನ್ನು ಪೆಟ್ಟಿಗೆಗೆ ನೇರ ತಿರುಪು ಹಾಕದೆ, ಒಳಗೆ ಜಾರುವ ಮರದ ತುಂಡಿಗೆ ಹಾಕುವುದು. ಒಳಗಿಂದ ದಾರ ಎಳೆದರೆ ತುಂಡು ಸರಿದು ಕೊಂಡಿಯೇ ಬಿಟ್ಟುಕೊಳ್ಳುತ್ತದೆ. ಮೇಜಿನ ಮೇಲೆ ಇಪ್ಪತ್ತು ಸಲ ಎಳೆದೆ, ಇಪ್ಪತ್ತು ಸಲವೂ ಬಿಟ್ಟಿತು. ಆಮೇಲೆ ನಾನೇ ಒಳಗೆ ಮುದುರಿ ಕೂತೆ. ಹೊರಗೆ ಬಾಗಿಲು ಮುಚ್ಚಿ, ಕಾರ್ಯದರ್ಶಿಯ ಪಾತ್ರದವನು ಮೇಲೆ ಹತ್ತಿ ಕೂತ. ದಾರ ಎಳೆದೆ. ಬರಲಿಲ್ಲ. ಎರಡೂ ಕೈಯಲ್ಲಿ ಎಳೆದೆ, ದಾರ ಬೆರಳಿಗೆ ಕೊರೆಯಿತೇ ಹೊರತು ತುಂಡು ಅಲುಗಲಿಲ್ಲ. ಕೂಗಿದೆ, ಅವನು ಇಳಿದ, ಅವನು ಇಳಿದ ತಕ್ಷಣ ಚಿಲಕ ತಾನಾಗಿ ಕಳಚಿಕೊಂಡಿತು.

ಕಾರಣ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಮುಂಭಾಗದ ಎರಡು ಕರ್ಣಗಳನ್ನು ಟೇಪು ಹಿಡಿದು ಅಳೆದೆ. ಖಾಲಿ ಇದ್ದಾಗ ಎರಡೂ ಸಮ. ಮೇಲೆ ಆಳು ಕೂತಾಗ 4 ಮಿ.ಮೀ. ವ್ಯತ್ಯಾಸ. ವೇದಿಕೆಯ ನೆಲ ಸಮವಿರಲಿಲ್ಲ, ಭಾರ ಬಿದ್ದ ಕೂಡಲೇ ಪೆಟ್ಟಿಗೆ ಓರೆಯಾಗಿ, ಜಾರುವ ತುಂಡು ತನ್ನ ಜಾಡಿನಲ್ಲಿ ಕಚ್ಚಿಕೊಳ್ಳುತ್ತಿತ್ತು. ಜಾಡನ್ನು ಅಗಲ ಮಾಡಬಹುದಿತ್ತು, ಮೇಣ ಸವರಬಹುದಿತ್ತು. ಆದರೆ ಯಾವ ಹೊತ್ತಿನಲ್ಲಿ ಅವಳಿಗೆ ಹೊರಬರುವುದು ಅತಿ ಅಗತ್ಯವೋ, ಅಂದರೆ ಮೇಲೆ ಭಾರ ಬಿದ್ದು ಏನೋ ಎಡವಟ್ಟಾದ ಹೊತ್ತಿನಲ್ಲಿ, ಅದೇ ಹೊತ್ತಿಗೆ ಕೈಕೊಡುವ ಚಿಲಕ ಅದು. ಅವತ್ತೇ ಬಿಚ್ಚಿ ಹಾಕಿದೆ.

ಆ ರಾತ್ರಿ ನನಗೆ ನೆನಪಾದದ್ದು ಹಳೆಯ ಫ್ರಿಜ್ಜುಗಳು. ಮೊದಲೆಲ್ಲ ಅವುಗಳ ಬಾಗಿಲಿಗೆ ಹೊರಗಿನಿಂದ ಬೀಳುವ ಚಿಲಕವಿರುತ್ತಿತ್ತು. ಬಿಸಾಡಿದ ಫ್ರಿಜ್ಜಿನೊಳಗೆ ಅಡಗಿದ ಮಕ್ಕಳು ಹೊರಬರಲಾಗದೆ ಸತ್ತರು. ಅದಕ್ಕೇ ಅಮೆರಿಕ 1956ರಲ್ಲಿ ಕಾನೂನು ತಂದಿತು: ಬಾಗಿಲು ಒಳಗಿನಿಂದ ತೆರೆಯಲು ಬರಬೇಕು. ನಿಯಮದ ಪ್ರಕಾರ ಒಳಗಿನಿಂದ 15 ಪೌಂಡ್, ಅಂದರೆ ಸುಮಾರು 6.8 ಕೆ.ಜಿ. ಬಲದ ತಳ್ಳಿಗೆ ಬಾಗಿಲು ಬಿಟ್ಟುಕೊಳ್ಳಬೇಕು. ಚಿಲಕದ ಜಾಗಕ್ಕೆ ಮ್ಯಾಗ್ನೆಟ್ ಬರಲು ಇದೊಂದು ದೊಡ್ಡ ಕಾರಣ. ಮಗುವಿಗೆ ಸಾಕಾಗುವ ಉಪಾಯ ನಮ್ಮ ವಾರಸುದಾರೆಗೂ ಸಾಕು ಅನ್ನಿಸಿತು. ಎಳೆಯುವುದು ಬೇಡ, ಬೆರಳಿನ ಕೆಲಸ ಬೇಡ, ತಳ್ಳಿದರೆ ತೆರೆಯಬೇಕು.

ಮೂರನೇ ವಾರ: ಬೆನ್ನಿನ ಕದ

ಮುಂದಿನ ಬೀಗ, ಚಿಲಕ ಎಲ್ಲ ನಿಜವೇ ಇರಲಿ. ಕೀಲಿ ತಿರುಗಿದ ಸದ್ದು ನಿಜವಾಗಿಯೇ ಕೇಳಲಿ. ಮೋಸಗಾರರು ಕಣ್ಣಿಟ್ಟು ಕಾಯುವುದು ಆ ಬೀಗವನ್ನು, ಅವಳು ಹೋಗುವುದು ಅವರು ನೋಡದ ಕಡೆಯಿಂದ. ಟ್ರಂಕಿನ ಹಿಂದಿನ ಅರ್ಧದ ಅಗಲ ಹಲಗೆ ಕ್ಯಾಬಿನ್ನಿನ ಗೋಡೆಗೆ ಮುಖ ಮಾಡಿ ನಿಲ್ಲುತ್ತದೆ. ಅದರಲ್ಲಿ 420 x 700 ಮಿ.ಮೀ. ಕದ ಕತ್ತರಿಸಿದೆ. ಮೇಲಂಚು ಒಂದು ಓರೆ ಪಟ್ಟಿಯ ಮೇಲೆ ತೂಗುತ್ತದೆ, ಪಕ್ಕ ಮತ್ತು ಕೆಳಗೆ ಮ್ಯಾಗ್ನೆಟ್. ಬಿಜಾಗರಿ ಇಲ್ಲ, ಆದ್ದರಿಂದ ಪೆಟ್ಟಿಗೆ ಓರೆಯಾದರೂ ಕಚ್ಚಿಕೊಳ್ಳಲು ಏನೂ ಇಲ್ಲ. ಸುತ್ತ 3 ಮಿ.ಮೀ. ಸಂದು ಬಿಟ್ಟಿದ್ದೇನೆ. ಆ ಸಂದು ಹೊರಗೆ ಕಾಣದಂತೆ ಟ್ರಂಕಿನ ಅಡ್ಡಪಟ್ಟಿಗಳು ಮುಚ್ಚುತ್ತವೆ. ಮುದುರಿ ಕೂತವರ ಕೈಗೆ ಬಲ ಬರುವುದಿಲ್ಲ, ಕಾಲಿಗೆ ಬರುತ್ತದೆ. ಮೂಲೆಯಲ್ಲಿ ಕೂತಿರುವುದರಿಂದ ಅವಳ ಪಾದ ನೇರವಾಗಿ ಕದದ ಕೆಳಭಾಗಕ್ಕೇ ತಾಗುತ್ತದೆ.

ಮೊದಲು ಎಂಟು ಮ್ಯಾಗ್ನೆಟ್ ಹಾಕಿ ಸ್ಪ್ರಿಂಗ್ ತಕ್ಕಡಿ ಕೊಕ್ಕೆ ಸಿಕ್ಕಿಸಿ ಎಳೆದೆ: 11 ಕೆ.ಜಿ. ಆರಕ್ಕೆ ಇಳಿಸಿದಾಗ 8. ನಾಲ್ಕಕ್ಕೆ ಇಳಿಸಿದಾಗ 4.5. ಅಷ್ಟಕ್ಕೆ ನಿಲ್ಲಿಸಿದೆ.

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ತಾಲೀಮಿನಲ್ಲಿ ರಾಜಕುಮಾರ ಟ್ರಂಕನ್ನು ಧಡ್ ಅಂತ ಮುಚ್ಚಿದ. ಹಿಂದಿನ ಕದ ಪಟ್ ಅಂತ ಉದುರಿತು. ಮತ್ತೆ ಮುಚ್ಚಿದ, ಮತ್ತೆ ಉದುರಿತು. ಒಳಗೆ ಯಾರೂ ಇರಲಿಲ್ಲ, ಯಾರೂ ತಳ್ಳಿರಲಿಲ್ಲ. ಮೆಲ್ಲಗೆ ಮುಚ್ಚಿದರೆ ಏನೂ ಆಗುತ್ತಿರಲಿಲ್ಲ.

ಗಾಳಿಯ ಕೆಲಸ ಅದು. ಜೋರಾಗಿ ಮುಚ್ಚಿದಾಗ ಆ ಅರ್ಧ ಪೆಟ್ಟಿಗೆ ಪಂಪಿನ ಹಾಗೆ ಗಾಳಿಯನ್ನು ಅದುಮುತ್ತದೆ. ಕದದ ಹರವು 0.294 ಚದರ ಮೀಟರ್. ಬರೀ 15 ಮಿ.ಮೀ. ನೀರಿನ ಎತ್ತರದಷ್ಟು ಒತ್ತಡ ಬಿದ್ದರೂ ಅಷ್ಟು ಹರವಿನ ಮೇಲೆ ಸುಮಾರು ನಾಲ್ಕೂವರೆ ಕೆ.ಜಿ. ತಳ್ಳು ಆಗುತ್ತದೆ, ನನ್ನ ಮ್ಯಾಗ್ನೆಟ್ಟಿನ ಬಲವೂ ಅಷ್ಟೇ. ಮ್ಯಾಗ್ನೆಟ್ ಹೆಚ್ಚಿಸುವ ಆಸೆ ಬಂತು. ಹೆಚ್ಚಿಸಿದರೆ ಅವಳ ಕಾಲಿನ ಕೆಲಸ ಹೆಚ್ಚುತ್ತದೆ, ಅದು ಬೇಡ. ಗಾಳಿಗೇ ದಾರಿ ಕೊಡಬೇಕು.

ಉಸಿರಾಟಕ್ಕೆ ಅಂತ ಅಲ್ಲಿಯವರೆಗೆ 12 ಮಿ.ಮೀ. ಅಗಲದ 24 ತೂತು ಹೊಡೆದಿದ್ದೆ, ಒಟ್ಟು 27 ಚದರ ಸೆಂ.ಮೀ. ಅದನ್ನು 60ಕ್ಕೆ ಏರಿಸಿದೆ, 68 ಚದರ ಸೆಂ.ಮೀ. ಆಯಿತು. ಅರ್ಧದಷ್ಟು ಕೆಳಗೆ, ಅರ್ಧದಷ್ಟು ಮೇಲೆ. ಬಿಸಿಗಾಳಿ ಮೇಲೆ ಹೋಗಿ ತಂಪು ಕೆಳಗಿಂದ ಬರಲಿ ಅಂತ. ಎಲ್ಲವೂ ಅಡ್ಡಪಟ್ಟಿಗಳ ಹಿಂದೆ, ಒಳಗಿನಿಂದ ಕಪ್ಪು ಬಲೆ ಬಟ್ಟೆ. ಧಡ್ ಅಂತ ಮುಚ್ಚಿದರೂ ಕದ ಅಲುಗಲಿಲ್ಲ. ಹತ್ತು ಸಲ ಮುಚ್ಚಿಸಿ ನೋಡಿದೆ.

ತೂತಿನ ಲೆಕ್ಕ ಕೇಳುವವರಿಗೆ: ಮನುಷ್ಯರು ಕೂತ ಮೇಲೆ ಒಳಗೆ ಉಳಿಯುವ ಗಾಳಿ ಸುಮಾರು 250 ಲೀಟರ್. ಸುಮ್ಮನೆ ಕೂತವರು ನಿಮಿಷಕ್ಕೆ ಕಾಲು ಲೀಟರಿನಷ್ಟು ಇಂಗಾಲದ ಡೈಆಕ್ಸೈಡ್ ಬಿಡುತ್ತಾರೆ. ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಹತ್ತು ನಿಮಿಷಕ್ಕೆ ಅದು ನೂರಕ್ಕೆ ಒಂದು ಪಾಲಾಗುತ್ತದೆ, ಹೆದರಿ ಏದುಸಿರು ಬಿಟ್ಟರೆ ಇನ್ನೂ ಬೇಗ. ದೃಶ್ಯ ಆರು ನಿಮಿಷದ್ದೇ ಆದರೂ ಪೂರ್ತಿ ಮುಚ್ಚಿದ ಪೆಟ್ಟಿಗೆಯಲ್ಲಿ ಯಾರನ್ನೂ ಕೂರಿಸಬಾರದು. ಉಸಿರಿಗಿಂತ ಮುಂಚೆ ಸೆಕೆಯೇ ತಡೆಯಲಾಗದಷ್ಟಾಗುತ್ತದೆ.

ನಾಲ್ಕನೇ ವಾರ: ಮೈಬಣ್ಣ, ತಿರುಪು, ಚೀಟಿ

ಫೈಬರ್ ಹಾಳೆಯ ಬದಲು ದಪ್ಪ ಕ್ಯಾನ್ವಾಸ್ ಅಂಟಿಸಿ, ಮೂರು ಸಲ ಬಣ್ಣ ಕೊಟ್ಟು, ಮೇಲೆ ಅರಗಿನ ಪಾಲಿಶ್ ಹಚ್ಚಿದೆ. ಮೂಲೆಗಳನ್ನು ಉಪ್ಪುಕಾಗದದಿಂದ ಸವೆಸಿದೆ. ಇದರಲ್ಲಿ ಹೇಳುವಂಥದ್ದೇನಿಲ್ಲ.

ತಿರುಪಿನ ವಿಷಯ ಹೇಳಬೇಕು. ಕಾಣುವ ಕಡೆಯೆಲ್ಲ ಪ್ಲಸ್ ತಲೆಯ ತಿರುಪನ್ನೇ ಹಾಕಿಬಿಟ್ಟಿದ್ದೆ. ಆ ತಿರುಪಿಗೆ ಹೆನ್ರಿ ಫಿಲಿಪ್ಸ್ ಪೇಟೆಂಟ್ ಪಡೆದದ್ದು 1936ರಲ್ಲಿ. 1927ರ ಟ್ರಂಕಿನಲ್ಲಿ ಅದು ಇರಲು ಸಾಧ್ಯವೇ ಇಲ್ಲ. ಹತ್ತನೇ ಸಾಲಿನಲ್ಲಿ ಕೂತವರಿಗೆ ಇದು ಕಾಣುವುದಿಲ್ಲ ಅಂತ ಗೆಳೆಯರು ಅಂದರು. ಮೊದಲ ಸಾಲಿನವರಿಗೆ ಕಾಣುತ್ತದೆ, ರಾಜಕುಮಾರನಾಗಿ ಅದರ ಮೇಲೆ ಕೈಯಿಡುವ ನಟನಿಗಂತೂ ದಿನಾ ಕಾಣುತ್ತದೆ. 64 ತಿರುಪು ಬಿಚ್ಚಿ ಒಂದೇ ಸೀಳಿನ ಹಿತ್ತಾಳೆ ತಿರುಪು ಹಾಕಿದೆ. ಸೀಳುಗಳೆಲ್ಲ ಒಂದೇ ದಿಕ್ಕಿಗೆ ನಿಂತಾಗ ಅಂಚಿನ ಪಟ್ಟಿಗೆ ಒಂದು ಘನತೆ ಬರುತ್ತದೆ.

ಟ್ರಂಕಿನ ಮೇಲೆ ಅಂಟಿಸುವ ಚೀಟಿಗಳಲ್ಲೂ ಇಂಥದೇ ತಪ್ಪು ಸಿಕ್ಕಿತು. ಮುದ್ರಿಸಿ ತಂದ ಹಡಗಿನ ಚೀಟಿಯ ಮೇಲೆ "ಕ್ಯುನಾರ್ಡ್ ವೈಟ್ ಸ್ಟಾರ್" ಅಂತಿತ್ತು. ಆ ಎರಡು ಕಂಪನಿಗಳು ಒಂದಾದದ್ದು 1934ರಲ್ಲಿ. 1927ರಲ್ಲಿ ಕ್ಯುನಾರ್ಡ್ ಬೇರೆ, ವೈಟ್ ಸ್ಟಾರ್ ಬೇರೆ, ಒಂದಕ್ಕೊಂದು ಪೈಪೋಟಿ. ಬರೀ ಕ್ಯುನಾರ್ಡ್ ಅಂತ ಮತ್ತೆ ಬರೆಸಿದೆ, ಹಡಗಿನ ಹೆಸರು ಅಕ್ವಿಟೇನಿಯಾ, ಅದು ಆ ದಾರಿಯಲ್ಲಿ ಓಡಾಡುತ್ತಿದ್ದ ಹಡಗೇ. ಒಂದು ದೊಡ್ಡ ಅಕ್ಷರದ ಚೀಟಿಯೂ ಬೇಕು: ಬಂದರಿನ ಕಸ್ಟಮ್ಸ್ ಕೊಟ್ಟಿಗೆಯಲ್ಲಿ ಸಾಮಾನನ್ನು ಪ್ರಯಾಣಿಕರ ಮನೆತನದ ಮೊದಲ ಅಕ್ಷರದ ಪ್ರಕಾರ ಸಾಲಾಗಿ ಇಡುತ್ತಿದ್ದರು.

ಎಲ್ಲಕ್ಕಿಂತ ಮುಖ್ಯ ಇನ್ನೊಂದು ಚೀಟಿ. ಪ್ರಯಾಣದಲ್ಲಿ ಬೇಕಾಗುವ ಸಾಮಾನಿಗೆ "ವಾಂಟೆಡ್", ಬೇಡದ್ದಕ್ಕೆ "ನಾಟ್ ವಾಂಟೆಡ್" ಅಂತ ಅಂಟಿಸುವುದು ಹಡಗುಗಳ ಪದ್ಧತಿ. ಬೇಡದ್ದು ನೇರ ಕೆಳಗಿನ ಉಗ್ರಾಣಕ್ಕೆ ಹೋಗುತ್ತಿತ್ತು, ಬಂದರು ಬರುವ ತನಕ ಯಾರೂ ಮುಟ್ಟುತ್ತಿರಲಿಲ್ಲ. ನಾಟಕದಲ್ಲಿ ಕಾರ್ಯದರ್ಶಿ ಮಾತಿನ ಭರದಲ್ಲಿ ತಪ್ಪು ಚೀಟಿ ಅಂಟಿಸಿಬಿಡುತ್ತಾನೆ, ಒಳಗೆ ಅವಳಿದ್ದಾಳೆ. ಅವನ ಕೈಯಲ್ಲಿ ಆ ಬಿಳಿ ಚೀಟಿ ಕಾಣುತ್ತಿದ್ದ ಹಾಗೆ ಇಡೀ ದೃಶ್ಯಕ್ಕೆ ಗಡಿಯಾರ ಕಟ್ಟಿದಂತಾಗುತ್ತದೆ. ದಿನಕ್ಕೊಂದು ಚೀಟಿ ಅಂಟಬೇಕು, ದಿನಕ್ಕೊಮ್ಮೆ ಕಿತ್ತುಬರಬೇಕು. ಅಂಟಿಸುವ ಜಾಗಕ್ಕೆ ಮಾತ್ರ ಎರಡು ಸಲ ಹೆಚ್ಚು ಅರಗು ಕೊಟ್ಟು ನುಣುಪು ಮಾಡಿದೆ, ಗಂಜಿ ಅಂಟಿನಲ್ಲಿ ಅಂಟಿಸಿದ ಚೀಟಿ ಒದ್ದೆ ಬಟ್ಟೆಗೆ ಸಲೀಸಾಗಿ ಕಿತ್ತುಬರುತ್ತದೆ.

ಐದನೇ ವಾರ: ಹನ್ನೊಂದು ಸೆಕೆಂಡು

ಕದ ತಳ್ಳಿ, ಗೋಡೆಯ ಪರದೆ ಸರಿಸಿ, ನೇಪಥ್ಯದಲ್ಲಿ ಸುತ್ತಿ ಬಂದು ಬಾಗಿಲು ತಟ್ಟಲು ಅವಳಿಗೆ ಮೊದಲ ದಿನ 19 ಸೆಕೆಂಡು ಹಿಡಿಯಿತು. ಸಂಭಾಷಣೆಯಲ್ಲಿ ಇದ್ದ ಜಾಗ 11. ಹೊತ್ತು ತಿನ್ನುತ್ತಿದ್ದದ್ದು ಕದವೇ. ಸದ್ದಾಗದಂತೆ ಅದನ್ನು ಎತ್ತಿ ಪಕ್ಕಕ್ಕಿಡಬೇಕಿತ್ತು. ನೇಪಥ್ಯದಲ್ಲಿ ಒಬ್ಬ ಹುಡುಗನನ್ನು ಅದಕ್ಕೇ ನಿಲ್ಲಿಸಿದೆವು. ಕದ ಬಿಟ್ಟುಕೊಂಡ ಕೂಡಲೇ ಅವನು ಹಿಡಿದುಕೊಳ್ಳುತ್ತಾನೆ. ಅಂಚಿಗೆಲ್ಲ ಉಣ್ಣೆಯ ಪಟ್ಟಿ ಅಂಟಿಸಿದೆ. 11ಕ್ಕೆ ಬಂತು, ಒಂದೊಂದು ದಿನ 10. ಬೀಗದ ಇನ್ನೊಂದು ಕೀಲಿಯೂ ಅವನ ಕೊರಳಲ್ಲೇ ಇರುತ್ತದೆ.

ಕೊನೆಯ ತಾಲೀಮಿನ ಹಿಂದಿನ ದಿನ ಯಾರೋ ಮಡಚುವ ಕುರ್ಚಿಗಳನ್ನು ಆ ಪರದೆಗೆ ಒರಗಿಸಿ ಹೋಗಿದ್ದರು. ಹುಡುಗ ಇನ್ನೂ ಬಂದಿರಲಿಲ್ಲ, ಆದರೂ ದೃಶ್ಯ ಶುರುಮಾಡಿದ್ದರು. ಅವಳು ತಳ್ಳಿದಾಗ ಕದ ಎರಡು ಬೆರಳಷ್ಟು ಸರಿದು ನಿಂತಿತು. ನಮ್ಮಲ್ಲಿ ಎರಡು ಸಲ ತಟ್ಟಿದರೆ ಎಲ್ಲ ನಿಲ್ಲಿಸಬೇಕು ಅನ್ನುವ ಒಪ್ಪಂದವಿತ್ತು. ಅವಳು ತಟ್ಟಿದಳು, ರಾಜಕುಮಾರ ಅಲ್ಲೇ ಮಾತು ಬಿಟ್ಟು ಬೀಗ ತೆಗೆದ. ಅವಳಿಗೇನೂ ಆಗಲಿಲ್ಲ. ನನ್ನ ಕೈ ಮಾತ್ರ ಬಹಳ ಹೊತ್ತು ನಡುಗುತ್ತಿತ್ತು. ಅವತ್ತೇ ಹಿಂದಿನ ನೆಲದಲ್ಲಿ ಒಂದು ಮೀಟರ್ ಚೌಕಕ್ಕೆ ಹಳದಿ ಬಣ್ಣ ಬಳಿದೆ. ಅದರಲ್ಲಿ ಯಾವುದನ್ನೂ ಇಡುವಂತಿಲ್ಲ, ಹುಡುಗ ಅದರ ಮೇಲೆ ನಿಂತು ಕೈ ಎತ್ತದೆ ಬೀಗ ಬೀಳುವಂತಿಲ್ಲ.

ಮೂರು ಪ್ರದರ್ಶನ ಆದ ಮೇಲೆ ಕೆಳಗಿನ ಎಡ ಮ್ಯಾಗ್ನೆಟ್ಟಿನ ಎದುರಿನ ಕಬ್ಬಿಣದ ಬಿಲ್ಲೆ ಸಡಿಲವಾಗಿತ್ತು. ದಿನವೂ ಪಾದದ ಪೆಟ್ಟು ಬೀಳುವ ಜಾಗ ಅದೇ. ಗಿಡ್ಡ ತಿರುಪು ತೆಗೆದು, ಹಿಂದೆ ಒಂದು ಮರದ ತುಂಡು ಕೊಟ್ಟು ಉದ್ದ ತಿರುಪು ಹಾಕಿದ್ದೇನೆ. ಈಗ ಪ್ರತಿ ಪ್ರದರ್ಶನಕ್ಕೆ ಮುಂಚೆ ತಕ್ಕಡಿ ಹಿಡಿದು ಎಳೆದು ನೋಡುವುದು ಅವಳೇ. ಅಂಕಿಯನ್ನು ಕದದ ಒಳಮೈಯಲ್ಲಿ ಪೆನ್ಸಿಲಿನಿಂದ ಬರೆಯುತ್ತಾಳೆ: 4.5, 4.6, 4.4, ದುರಸ್ತಿಯ ನಂತರ 4.6. ನಿನ್ನೆಯದರ ಪಕ್ಕದಲ್ಲಿ "ಸರಿಯಿದೆ, ಹಾಕಿ ಬೀಗ" ಅಂತಲೂ ಬರೆದಿದ್ದಾಳೆ.